ಇಲಿ ಹೋದಲ್ಲಿ ಅಕ್ಷರ

ಹದಿನಾರು ಜಿಬಿ ಮೆಮೊರಿಯ ಹೊಸ ಲ್ಯಾಪ್‌ಟಾಪ್ ತಂದು ಅದಕ್ಕೆ 1993ರ ವೇಷ ಹಾಕಲು ಹೊರಟವನನ್ನು ಏನೆನ್ನಬೇಕು? ನನ್ನ ಹೆಂಡತಿಯ ಬಳಿ ಒಂದು ಪದವಿದೆ; ಅಚ್ಚಿಗೆ ಬಾರದು.

ನಾನು ಹಾಕಿಕೊಂಡದ್ದು ಆ ವರ್ಷದ ಒಂದು ವಿಂಡೋ ಮ್ಯಾನೇಜರ್, ಅಂದರೆ ಪರದೆಯ ಕಿಟಕಿಗಳನ್ನು ನಿಭಾಯಿಸುವ ತಂತ್ರಾಂಶ: ಎಫ್‌ವಿಡಬ್ಲ್ಯೂಎಂ. ಟಿಡಬ್ಲ್ಯೂಎಂ ಎಂಬ ಹಳೆಯ ವಿಂಡೋ ಮ್ಯಾನೇಜರ್ ಮೆಮೊರಿ ತಿನ್ನುವುದು ಜಾಸ್ತಿಯಾಯಿತೆಂದು ರಾಬರ್ಟ್ ನೇಷನ್ ಎಂಬ ಪ್ರೋಗ್ರಾಮರ್ ಅದನ್ನೇ ತಿದ್ದಿ ಇದನ್ನು ಮಾಡಿದರು. ಮೊದಲಕ್ಷರ ‘ಎಫ್’ ಏನೆಂದು ಅವರಿಗೇ ನೆನಪಿಲ್ಲವಂತೆ. ಇನಿಷಿಯಲ್ ಮರೆತ ಮನೆತನ!

ಇಲ್ಲಿ ಮೆನು, ಬಣ್ಣ, ಬಟನ್ನು ಎಲ್ಲವನ್ನೂ ಒಂದು ಕಾನ್ಫಿಗ್ ಫೈಲಿನಲ್ಲಿ ಕೈಯಾರೆ ಬರೆಯಬೇಕು. ಕಿಟಕಿಯ ಅಂಚು ಐದು ಪಿಕ್ಸೆಲ್ಲೋ ಆರೋ ಎಂಬ ಜಿಜ್ಞಾಸೆಯಲ್ಲೇ ಭಾನುವಾರ ಮುಗಿಯಿತು. ಸಾರು ಮೂರು ಸಲ ಬಿಸಿಯಾಯಿತು.

ಆಮೇಲೆ ‘ಸ್ಲಾಪಿ ಫೋಕಸ್’ ಹಾಕಿದೆ. ಕ್ಲಿಕ್ಕೇ ಬೇಡ, ಮೌಸ್ ಬಾಣ ಯಾವ ಕಿಟಕಿಯ ಮೇಲಿದೆಯೋ ಟೈಪಿಸಿದ್ದೆಲ್ಲ ಅಲ್ಲಿಗೆ. ಆಹಾ, ಎಂಥ ಸುಖ! ಬ್ಯಾಂಕಿನ ಪಾಸ್‌ವರ್ಡ್ ಟೈಪಿಸುತ್ತಿದ್ದೆ. ಹೆಂಡತಿ ಕಾಫಿ ಲೋಟ ಇಟ್ಟಳು, ಲೋಟ ಮೌಸಿಗೆ ತಾಗಿತು, ಬಾಣ ಪಕ್ಕದ ಕಿಟಕಿಗೆ ಜಾರಿತು. ನಾನು ಕೀಬೋರ್ಡ್ ನೋಡಿಕೊಂಡೇ ಕುಟ್ಟಿ, ಎಂಟರ್ ಒತ್ತಿದೆ.

ಅರೆಕ್ಷಣದಲ್ಲಿ ನೆಂಟರ ಗ್ರೂಪಿನಿಂದ ಸೋದರಮಾವನ ಉತ್ತರ: “ಇದೇನೋ, ಹೆಂಡತಿ ಹೆಸರಿನ ಮುಂದೆ 123?”

ಅವಳು ಇಣುಕಿ ನೋಡಿದಳು. ಬೈಗುಳಕ್ಕೆ ತಲೆ ಬಗ್ಗಿಸಿ ಕೂತೆ.

“ಪರವಾಗಿಲ್ಲ ಕಣ್ರೀ, ಹೆಸರಾದ್ರೂ ನೆನಪಿದೆಯಲ್ಲ,” ಎಂದು ಒಳಗೆ ಹೋದಳು.

ಪಾಸ್‌ವರ್ಡ್ ಬದಲಿಸಿದೆ. ಅಂಚನ್ನೂ ಐದು ಪಿಕ್ಸೆಲ್ ಮಾಡಿದೆ.