ತ್ರ್ಯಾಹತ್ತರ್ ಕಾಕಾ

ಪುಣೆ ಬಳಿಯ ಹಿಂಜವಾಡಿಯ ನಮ್ಮ ಅಪಾರ್ಟ್‌ಮೆಂಟಿನ ಹುಡುಗರು ಅವರಿಗಿಟ್ಟ ಹೆಸರು ತ್ರ್ಯಾಹತ್ತರ್ ಕಾಕಾ. ಮರಾಠಿಯಲ್ಲಿ ಎಪ್ಪತ್ತಮೂರು. ವಯಸ್ಸು ನಲವತ್ತೈದು ದಾಟಿಲ್ಲ, ಫ್ಲ್ಯಾಟ್ ನಂಬರೂ ಅದಲ್ಲ. ಲಿಫ್ಟಿನಿಂದ ಇಳಿಯುವಾಗ ಉಳಿದವರು ‘ಬಾಯ್’ ಅಂದರೆ ಇವರು ‘ಸೆವೆಂಟಿ ತ್ರೀ’ ಅನ್ನುತ್ತಾರೆ. ಹ್ಯಾಮ್ ರೇಡಿಯೊದವರು ಒಬ್ಬರನ್ನೊಬ್ಬರು ಬೀಳ್ಕೊಡುವುದು ಹಾಗೆಯೇ.

ಮೂಲತಃ ಗದಗ ಕಡೆಯವರು. ಈ ಊರಲ್ಲಿ ಪಕ್ಕದ ಮನೆಗೇ ಕನ್ನಡಿಗರು ಬಂದರೆಂದು ನಾನು ಮೊದಲ ದಿನ ಹಿಗ್ಗಿ, ಗಿರಮಿಟ್ಟು ಕಟ್ಟಿಕೊಂಡು ಹೋಗಿದ್ದೆ. ಗಿರಮಿಟ್ಟು ತಿನ್ನುತ್ತಲೇ ಕೇಳಿದರು, ‘ಈ ಐಟಿ ಪಾರ್ಕಿಗೆ ಯಾರ ಹೆಸರಿಟ್ಟಾರ ಹೇಳ್ರಿ?’ ರಾಜೀವ್ ಗಾಂಧಿ ಅಂದೆ. ‘ಅವರೂ ಹ್ಯಾಮ್ ಇದ್ರು. ಕರೆಸಂಕೇತ ವಿಯು2ಆರ್‌ಜಿ!’ ನಾವು ದಿನಾ ದುಡಿಯುವುದು ಇವರ ಬಳಗದ ಜಾಗದಲ್ಲಿ, ಬಾಡಿಗೆ ಕೇಳದಿರುವುದು ಇವರ ದೊಡ್ಡಸ್ತಿಕೆ ಎಂಬ ಧಾಟಿ. ಈ ಸಂಗತಿಯನ್ನು ನನಗೊಬ್ಬನಿಗೇ ಈವರೆಗೆ ಹನ್ನೊಂದು ಸಲ ಹೇಳಿದ್ದಾರೆ.

ಹ್ಯಾಮ್ ಅಂದರೆ ಮೈಕು ಹಿಡಿದು ಊರೂರಿನವರ ಜೊತೆ ಹರಟುವವರು ಅಂದುಕೊಂಡಿದ್ದೆ. ಇವರು ಮಾತೇ ಆಡುವುದಿಲ್ಲ. ಆಡುವುದೆಲ್ಲ ಕಂಪ್ಯೂಟರು. ಅದರ ಪದ್ಧತಿಗೆ ಎಫ್‌ಟಿ8 ಎಂದು ಹೆಸರು. 2017ರಲ್ಲಿ ಅಮೆರಿಕದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ಹುಟ್ಟಿಹಾಕಿದ್ದು. ಗಡಿಯಾರ ನೋಡಿಕೊಂಡು ಹದಿನೈದು ಸೆಕೆಂಡಿನ ಒಂದು ಸರದಿ ಕಳಿಸುವುದು, ಮುಂದಿನ ಸರದಿ ಸುಮ್ಮನೆ ಕೇಳುವುದು. ಗದ್ದಲದಲ್ಲಿ ನಮ್ಮ ಕಿವಿಗೆ ದಕ್ಕದ ಸದ್ದನ್ನೂ ಅದು ಹೆಕ್ಕಿ ತೆಗೆಯುತ್ತದೆ. ಹಾಗಾಗಿ ಹತ್ತಿಪ್ಪತ್ತು ವ್ಯಾಟಿನಲ್ಲೇ, ಬಾಲ್ಕನಿಯ ಬಟ್ಟೆ ಒಣಹಾಕುವ ಹಗ್ಗದ ಪಕ್ಕದ ತಂತಿಯಿಂದಲೇ, ಬ್ರೆಜಿಲ್ ಸಿಗುತ್ತದೆ. ಸಿಕ್ಕ ಬ್ರೆಜಿಲ್ಲಿಗೆ ಹೇಳುವುದೇನು? ಕರೆಸಂಕೇತ, ನಕಾಶೆಯ ಚೌಕ, ಸದ್ದು ಎಷ್ಟು ಕ್ಷೀಣ ಎಂಬ ಒಂದು ಅಂಕಿ, ಮುಟ್ಟಿತೆಂಬ ಆರ್‌ಆರ್73, ಕೊನೆಗೊಂದು 73. ಎರಡೂ ಕಡೆಯಿಂದ ಆರು ಮಾತು, ಒಂದೂವರೆ ನಿಮಿಷ. ಹೆಸರಿಲ್ಲ, ಹವಾಮಾನವಿಲ್ಲ, ಮಕ್ಕಳೆಷ್ಟು ಎಂಬ ವಿಚಾರಣೆಯಿಲ್ಲ.

ಆ ಚೌಕವೇ ಇವರ ವಿಳಾಸ. ‘ನಾವು ಎಂಕೆ68ನವರು’ ಅನ್ನುತ್ತಾರೆ. ಅಲಿಬಾಗಿನಿಂದ ಪುಣೆಯವರೆಗೆ ಹಬ್ಬಿದ ವಿಳಾಸ. ಪಾರ್ಸೆಲ್ ಹುಡುಗನಿಗೆ ಹೇಳದಿದ್ದರೆ ಸಾಕು. ಹುಬ್ಬಳ್ಳಿ, ಧಾರವಾಡ, ಗದಗ ಮೂರೂ ಎಂಕೆ75ರಲ್ಲೇ ಬರುತ್ತವೆಂದು ಕೇಳಿದಾಗ ಮಾತ್ರ ನನಗೂ ಖುಷಿಯಾಯಿತು. ನಮ್ಮ ಮೂರೂರಿನವರನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವುದು ಸಣ್ಣ ಕೆಲಸವಲ್ಲ.

ನನ್ನ ಸಂಕಟ ಬೇರೆ. ಮನೆಯಿಂದಲೇ ಕೆಲಸ ಮಾಡುವ ದಿನ ಮೀಟಿಂಗಿನಲ್ಲಿದ್ದೆ. ಸ್ಪೀಕರಿನಲ್ಲಿ ‘ಟಪ್’ ಅಂದಿತು, ಆಮೇಲೆ ಗುಂಯ್ಯೆಂದು ಶುರುವಾದದ್ದು ಹದಿಮೂರು ಸೆಕೆಂಡು ಕಳೆದು ಮತ್ತೊಂದು ‘ಟಪ್’ ಅಂದು ನಿಂತಿತು. ಹದಿನೇಳು ಸೆಕೆಂಡು ಮೌನ. ಮತ್ತೆ ಟಪ್. ಮೈಕಿನೊಳಗೂ ಅದೇ. ‘ನಿಮ್ಮ ಮನೇಲಿ ಹಿಟ್ಟಿನ ಗಿರಣಿ ಇದೆಯಾ?’ ಅಂದರು ಮ್ಯಾನೇಜರು. ಸಿಟ್ಟಿನಲ್ಲಿ ಹೋಗಿ ಪಕ್ಕದ ಬಾಗಿಲು ಬಡಿದೆ. ಇವರು ನೀರು ಕೊಟ್ಟು, ಕೂರಿಸಿ, ಬಹಳ ವಿನಯದಿಂದ ಕೇಳಿದರು: ‘ನಿಮಗ ಯಾವ ಸರದಿ ಬೇಕ್ರಿ? ಸಮನೋ, ಬೆಸನೋ? ನಾ ಬದಲಿ ಮಾಡ್ತೀನಿ.’

ಜಗಳಕ್ಕೆ ಹೋದವನು ಬೆಸ ಸರದಿ ಪಡೆದುಕೊಂಡು ಬಂದೆ. ಅಂದಿನಿಂದ ಮೀಟಿಂಗಿನಲ್ಲಿ ಬಾಯಿ ತೆರೆಯುವುದು ಆ ಹದಿನೇಳು ಸೆಕೆಂಡಿನ ಕಿಂಡಿಯಲ್ಲೇ. ಮಾಡಿದ್ದು, ಉಳಿದದ್ದು, ಅಡ್ಡಿ, ಟಪ್. ವರ್ಷದ ಮೌಲ್ಯಮಾಪನದಲ್ಲಿ ‘ಸಂಕ್ಷಿಪ್ತವಾಗಿ ಮಾತಾಡುತ್ತಾರೆ’ ಎಂಬ ಹೊಗಳಿಕೆ ಬಂತು. ಯಾರಿಗೆ ಕೃತಜ್ಞತೆ ಹೇಳಬೇಕೆಂದು ಗೊತ್ತಿದ್ದೂ ಹೇಳಲಿಲ್ಲ.

ಸೆಕ್ರೆಟರಿ ಸಾಹೇಬರ ಹತ್ತಿರ ಈ ವಿನಯ ನಡೆಯಲಿಲ್ಲ. ಟೆರೇಸಿನ ಮೇಲೆ ಆಂಟೆನಾ ಹಾಕಲು ಅನುಮತಿ ಕೇಳುತ್ತ, ಟೇಲರ್ ಅವರಿಗೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದನ್ನು, ಪಲ್ಸಾರ್ ಎಂಬ ನಕ್ಷತ್ರಗಳ ಕ್ಷೀಣ ಮಿಡಿತ ಹುಡುಕಿದ ಆ ಕಿವಿಯೇ ಈ ಸಾಫ್ಟ್‌ವೇರಿಗೂ ದುಡಿದದ್ದನ್ನು ವಿವರಿಸಿದರು. ಸೆಕ್ರೆಟರಿ ತಾಳ್ಮೆಯಿಂದ ಕೇಳಿ, ‘ನೊಬೆಲ್ ಅವರ ಹತ್ತಿರ ಇರಲಿ, ಟೆರೇಸಿನ ಕೀಲಿ ನನ್ನ ಹತ್ತಿರ ಇರಲಿ’ ಅಂದರು.

ಒಂದು ರಾತ್ರಿ ಹನ್ನೆರಡಕ್ಕೆ ಶುರುವಾದ ಗುಂಯ್ ನಿಲ್ಲಲೇ ಇಲ್ಲ. ಆರು ನಿಮಿಷ ಯಾರೂ ಮುಟ್ಟದಿದ್ದರೆ ಸಾಫ್ಟ್‌ವೇರು ತಾನಾಗಿ ಬಾಯಿ ಮುಚ್ಚುತ್ತದೆ. ಕೂತವರು ನಿದ್ದೆಹೋದರೆ ಎಂಬ ಎಚ್ಚರಿಕೆ. ಇಂಥದೊಂದನ್ನು ಮ್ಯಾನೇಜರಿಗೂ ಹಚ್ಚಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಅವತ್ತು ಪ್ರತಿ ಸಲ ಮೌನವಾದ ಕೂಡಲೇ ಇವರು ಗುಂಡಿ ಒತ್ತುತ್ತಿದ್ದರು, ಅದು ಮತ್ತೆ ಕೆಂಪಾಗಿ ಕರೆಯುತ್ತಿತ್ತು. ನಲವತ್ತು ನಿಮಿಷ, ಅದೇ ಮಾತು. ಅಷ್ಟು ಹೊತ್ತು ಯಾರನ್ನಾದರೂ ಕರೆದದ್ದು ನನಗೆ ನೆನಪಿಲ್ಲ. ಬೆಳಿಗ್ಗೆ ಲಿಫ್ಟಿನಲ್ಲಿ ಕಾಕಾರ ಮುಖ ಅರಳಿತ್ತು.

‘ಪೆಸಿಫಿಕ್ಕಿನ ದ್ವೀಪರಿ! ಮೈನಸ್ ಹತ್ತೊಂಬತ್ತು ಕೊಟ್ಟ!’

‘ಏನು ಮಾತಾಡಿದ?’

‘ಅದ ರಿ, ಮೈನಸ್ ಹತ್ತೊಂಬತ್ತು.’

ಕಡೆಗೆ ಅವರೇ ಒಂದು ಭಾನುವಾರ ರಾತ್ರಿ, ಬಳಪದ ಪೆಟ್ಟಿಗೆಯಂಥ ಎರಡು ಫೆರೈಟ್ ತುಂಡು ಹಿಡಿದು ಬಂದರು. ಸ್ಪೀಕರಿನ ವೈರನ್ನು ಅದರೊಳಗೆ ಸುತ್ತಿ ಕಟಕ್ಕೆಂದು ಮುಚ್ಚಿದರೆ ಸದ್ದು ಕಡಿಮೆಯಾಗುತ್ತದಂತೆ. ಅವರು ಮೇಜಿನಡಿ ನುಸುಳಿದ್ದಾಗ ನಾನು ಧಾರವಾಡಕ್ಕೆ ಫೋನ್ ಹಚ್ಚಿದೆ.

‘ಅವ್ವಾ, ನಾನು.’

‘ಹೇಳಪಾ. ಊಟ ಆತೇನು?’

‘ಆತು. ನಿಂದು?’

‘ನಂದೂ ಆತು. ಮಳಿ ಐತೇನು?’

‘ಐತಿ. ಇಡ್ಲೇನು?’

‘ಹೂಂ, ಇಡು.’

ಮೇಜಿನಡಿಯಿಂದ ದನಿ ಬಂತು: ‘ಆರ ಮಾತು! ನನಗ ಒಂದೂವರಿ ನಿಮಿಷ ಬೇಕಾಗ್ತದರಿ. ನೀವು ಇಪ್ಪತ್ತು ಸೆಕೆಂಡಿನಾಗ ಮುಗಿಸಿದ್ರಿ.’ ಕುಹಕವಿರಲಿಲ್ಲ, ನಿಜವಾದ ಮೆಚ್ಚುಗೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಫೋನ್ ಮತ್ತೆ ರಿಂಗಾಯಿತು. ಅವ್ವನದೇ.

‘ನಿಮ್ಮ ಆರ್‌ಆರ್73 ಅವರಿಗೆ ಮುಟ್ಟಿಲ್ಲರಿ,’ ಅಂದರು ಕಾಕಾ, ತಲೆಗೆ ಹತ್ತಿದ ಜೇಡರಬಲೆ ಒರೆಸಿಕೊಳ್ಳುತ್ತ. ‘ಮುಟ್ಟಲಿಲ್ಲಂದ್ರ ಹಿಂದಿನ ಮಾತ ಮತ್ತ ಬರ್ತದ.’

‘ಏನವ್ವಾ?’

‘ಏನಿಲ್ಲಪಾ. ಊಟ ಆತು ಅಂದೆಲ್ಲ, ಏನ್ ಉಂಡಿ?’

ನಾನಿನ್ನೂ ಉಂಡಿರಲಿಲ್ಲ.