ಎರಡು ಪರ್ಸೆಂಟ್ ದೋಸ್ತಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಚಾದಂಗಡಿ. ಪ್ಲಾಟಿನ ಏಜೆಂಟ ಕಮಲಾಪುರದ ಲೇಔಟ್ ನಕಾಶೆ ಬಿಚ್ಚಿದ. ಬಶಿ ಇಟ್ಟ ಜಾಗಕ್ಕೆ ಪಾರ್ಕು ಎಂದ. ನಿವೃತ್ತ ಮಾಸ್ತರರು ಕನ್ನಡಕ ಒರೆಸಿಕೊಂಡರು.

"ಇಪ್ಪತ್ತು ವರ್ಷ ಆತ್ರಿ ಮಾಸ್ತರ್ರ, ನನ್ನ ಮ್ಯಾಲ ಒಂದೂ ಕೇಸ್ ಇಲ್ಲ."

"ಭೇಷ್! ಹ್ಯಾಂಗಪಾ?"

"ಎಲ್ಲೂ ಸಹಿ ಮಾಡಂಗಿಲ್ರಿ. ರಸೀದಿ ಕೊಡಂಗಿಲ್ಲ. ಎಲ್ಲಾ ಬಾಯಿಮಾತು."

"ಜಮೀನು ಎನ್.ಎ. ಆಗ್ಯಾದೇನು?"

"ಆದಂಗ ರೀ. ಅರ್ಜಿ ಬರಿಲಾಕ ಪೆನ್ನು ತಂದೀವಿ."

"ಪಹಣಿಯೊಳಗ ಏನದ?"

"ತೊಗರಿ ಅದ್ರಿ."

"ಅಂದ್ರ ನನ್ನ ಅಡಗಿ ಮನಿ ತೊಗರಿ ಹೊಲದಾಗ?"

"ಬ್ಯಾಳಿ ಖರ್ಚು ಉಳೀತದ್ರಿ!"

"ರೇರಾ ನಂಬರ್?"

"ನನ್ನ ಮೊಬೈಲ್ ನಂಬರ್ ಅದಲ್ರಿ, ಯಾವಾಗ ಬೇಕಾದ್ರೂ ಹಚ್ಚರಿ."

"ಕಮಲಾಪುರದ ಕೆಂಪು ಬಾಳಿಹಣ್ಣಿಗೂ ಜಿ.ಐ. ನೋಂದಣಿ ಅದ. ನಿನಗಿಲ್ಲಲ್ಲೋ ತಮ್ಮಾ!"

ಮಾಸ್ತರರು ಕಿಸೆಯಿಂದ 2016ರ ರೇರಾ ಕಾಯ್ದೆಯ ಜೆರಾಕ್ಸ್ ತೆಗೆದರು. ಪಾಠ ಮಾಡುವ ಚಟ ಪೆನ್ಷನ್ ಬಂದರೂ ಹೋಗುವುದಿಲ್ಲ. 500 ಚದರ ಮೀಟರ್ ಮೀರಿದ ಲೇಔಟಿಗೆ ನೋಂದಣಿ ಬೇಕು, ಅದನ್ನು ಮಾರಿಸುವ ಏಜೆಂಟನಿಗೂ ಬೇಕು. ಏಜೆಂಟ ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಪ್ಲಾಟಿನ ಬೆಲೆಯ ಶೇ 5ರವರೆಗೆ ದಂಡ.

ಏಜೆಂಟ ನಕಾಶೆ ಮಡಚಿದ. "ಹಂಗಾರ ನಾ ಏಜೆಂಟನೇ ಅಲ್ರಿ. ನಿಮ್ಮ ದೋಸ್ತ್."

"ಮತ್ತ ನೀ ಕೇಳಿದ ಎರಡು ಪರ್ಸೆಂಟು ಕಮಿಷನ್?"

"ಅದು ದೋಸ್ತಿದ್ರಿ."

ಮಾಸ್ತರರು ಹಾಳೆಯ ಮೇಲೆ ಬೆರಳಿಟ್ಟರು. ಯಾವ ಹೆಸರಿನಿಂದ ಕರೆದುಕೊಂಡರೂ, ಕಮಿಷನ್ ಪಡೆದು ಮಾರುವವರನ್ನೂ ಕೊಳ್ಳುವವರನ್ನೂ ಜೋಡಿಸುವವನು ಕಾಯ್ದೆಯ ಲೆಕ್ಕದಲ್ಲಿ ಏಜೆಂಟನೇ.