ಬಾಳೆ ಹೂ ಮುರಿದು ಬಾಟ್ಲಿ ಕಟ್ಟಿದ್ದು

"ಮೇಷ್ಟ್ರೇ, ವಾರಾಯ್ತು, ಒಂದು ಹಕ್ಕಿನೂ ಇತ್ಲಾಗೆ ಬರ್ನಿಲ್ವಲ್ಲ!"

ಬೇಲಿಯಾಚೆಯಿಂದ ಅಕ್ಕನ ದೂರು. ಅವರ ನುಗ್ಗೆ ಕೊಂಬೆಗೆ ಕೆಂಪು ಪ್ಲಾಸ್ಟಿಕ್ ಬಾಟಲಿ ನೇತಾಡುತ್ತಿತ್ತು. ಅಮೆರಿಕದಲ್ಲಿರುವ ಮಗ ತಂದದ್ದು. ಅಲ್ಲಿ ಅವನ ಹಿತ್ತಿಲಿಗೆ ಹಮ್ಮಿಂಗ್‌ಬರ್ಡ್ ಬಂದು ಇಂಥದ್ದರಲ್ಲೇ ಸಕ್ಕರೆ ನೀರು ಹೀರುತ್ತದಂತೆ. ಇಲ್ಲಿಗೆ ಬಂದದ್ದು ಇರುವೆ ಮಾತ್ರ, ಬೀಗರೂಟಕ್ಕೆ ಬಂದ ಹಾಗೆ, ಸಾಲುಗಟ್ಟಿ.

"ಆ ಹಕ್ಕಿ ಅಮೆರಿಕ ಖಂಡಗಳು ಬಿಟ್ರೆ ಬೇರೆಲ್ಲೂ ಇಲ್ಲಕ್ಕ. ಮಳವಳ್ಳಿಗೆ ಯಾವ ಬಸ್ಸು ಹತ್ತಿ ಬರಬೇಕು?"

"ದಾಸವಾಳದ ತಾವ ನಾನೇ ಕಂಡಿವ್ನಿ ಕಣ್ರೀ. ಹಿಡಿಯೊಳಗೆ ಮುಚ್ಚೋಗೋ ಅಷ್ಟಿತ್ತು, ಕೊಕ್ಕು ಬಾಗಿತ್ತು."

ಅದು ಸೂರಕ್ಕಿ. ಹಮ್ಮಿಂಗ್‌ಬರ್ಡಿಗೆ ದೂರದ ನೆಂಟನೂ ಅಲ್ಲ, ಕಸುಬು ಮಾತ್ರ ಒಂದೇ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ನಮ್ಮದು ಹೆಚ್ಚಾಗಿ ಕೂತು ಕುಡಿಯುವ ಜಾತಿ. ತೂಕ 10 ಗ್ರಾಮಿನ ಆಸುಪಾಸು. ದಾಸವಾಳದ ಬಾಯಿಂದ ಮಕರಂದ ಎಟುಕದಿದ್ದರೆ ಹೂವಿನ ಬುಡಕ್ಕೇ ಕನ್ನ ಹಾಕುತ್ತದೆ.

"ಹಂಗಾರೆ ಆಲೆಮನೆ ಬೆಲ್ಲ ಕದಡಿ ಇಡ್ಲಾ?"

ಕಬ್ಬಿನ ಸೀಮೆಯ ಬುದ್ಧಿ ಹೋಗುವುದೆಲ್ಲಿಗೆ! ಅಮೆರಿಕದವರೇ 1 ಪಾಲು ಬಿಳಿ ಸಕ್ಕರೆಗೆ 4 ಪಾಲು ನೀರು, ಬೆಲ್ಲ, ಜೇನು, ಬಣ್ಣ ಒಂದೂ ಕೂಡದು, ಬಾಟಲಿ ಆಗಾಗ ತೊಳೀಬೇಕು ಅನ್ನುತ್ತಾರೆ. ನಮಗ್ಯಾಕೆ ಆ ಕರ್ಮ?

"ಮೊನ್ನೆ ಪಲ್ಯಕ್ಕೆ ಅಂತ ಬಾಳೆ ಹೂ ಮುರಿದ್ರಲ್ಲಕ್ಕ, ಅದೇ ಸೂರಕ್ಕಿಯ ಬಾಟ್ಲಿ. ಸಿಪ್ಪೆ ಒಂದೊಂದೇ ಬಿಚ್ಚಿಕೊಳ್ತಿದ್ದ ಹಾಗೆ ಹೊಸ ಊಟ. ತೊಳೆಯೋ ಕೆಲಸವೂ ಇಲ್ಲ."

ಅಕ್ಕ ಕೊಂಚ ಹೊತ್ತು ಸುಮ್ಮನಾದರು. "ಪಲ್ಯ ನಿಮ್ಮನೆಗೂ ಕಳಿಸಿದ್ನಲ್ಲ!"

ಕಳಿಸಿದ್ದು ನಿಜ. ಬಾಯಿ ಚಪ್ಪರಿಸಿದ್ದೂ ನಿಜ. ಮಾತು ಮರೆಸಲು ಮರಿಗಳ ವಿಷಯ ತೆಗೆದೆ. ಮರಿಗಳು ಬರೀ ಸಿಹಿನೀರಲ್ಲಿ ಬೆಳೆಯುವುದಿಲ್ಲ, ತಾಯಿ ಹುಳ, ಜೇಡ ಹಿಡಿದು ತಂದು ಉಣಿಸಬೇಕು. ಬದನೆ ಗಿಡಕ್ಕೆ ಔಷಧಿ ಹೊಡೆದರೆ ಅವುಗಳ ಅನ್ನಕ್ಕೆ ಕಲ್ಲು. ಗೂಡು ಕಟ್ಟುವುದಕ್ಕೂ ಜೇಡರ ಬಲೆಯೇ ಬೇಕು: ನಾರು, ಒಣಗಿದೆಲೆ ಚೂರು, ಕಂಬಳಿಹುಳದ ಹಿಕ್ಕೆ ಎಲ್ಲವನ್ನೂ ಅದರಲ್ಲೇ ಹೆಣೆದು, ಚೀಲದ ಹಾಗೆ ತೂಗಿಬಿಟ್ಟು, ಬಾಗಿಲ ಮೇಲೆ ಸಣ್ಣದೊಂದು ಸೂರೂ ಇಳಿಸುತ್ತದೆ.

"ಅದ್ಕೇ ಅಕ್ಕ, ಜಗುಲಿ ಮೂಲೇಲಿ ಬಲೆ ಕಟ್ಟಿದ್ರೆ ಹೊಡೀಬಾರ್ದು. ನಾನಂತೂ ಮುಟ್ಟೋದೇ ಇಲ್ಲ."

ಇದು ಒಳಗಿದ್ದ ನಮ್ಮಾಕೆಯ ಕಿವಿಗೂ ಬಿತ್ತು. ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು. ಬಾಗಿಲ ಸಂದಿಯಿಂದ ಮೊದಲು ಕಾಣಿಸಿದ್ದು ಉದ್ದನೆ ಕೋಲಿಗೆ ಕಟ್ಟಿದ ಪೊರಕೆ.